ಬಣ್ಣದ ಲೋಕಲ್ಲಿನಲ್ಲಿ ಖಿಡಕಿ ಸೀಟು

ಎಡವಟ್ಟು ಶುರುವಾದದ್ದು ಒಂದು ಲೋಟ ನೀರಿನಿಂದ.

ಮುಂಬೈಯ ವಿಕ್ರೋಳಿಯ ಕಂಪನಿಯೊಂದರಲ್ಲಿ ಗುಮಾಸ್ತನಾಗಿದ್ದ ಹಿರಿಯಣ್ಣ ಆ ದಿನ ರಜೆ ಹಾಕಿ, ಬೆಳಗಿನ ರಶ್ಶಿನಲ್ಲೇ ಘಾಟ್ಕೋಪರ್ ಸ್ಟೇಷನ್ನಿನ ಬೆಂಚಿನ ಮೇಲೆ ಕಾಗದ ಹರಡಿ ಕುಳಿತಿದ್ದ. ಸಂಜೆ ಕನ್ನಡ ಸಂಘದಲ್ಲಿ ಜಲವರ್ಣ ಚಿತ್ರಸ್ಪರ್ಧೆ. ವಿಷಯ, ಗಿಜಿಗುಡುವ ರೈಲ್ವೆ ಸ್ಟೇಷನ್. ಗೆದ್ದ ಚಿತ್ರವನ್ನು ಸಂಘದ ಹಾಲಿನಲ್ಲಿ ತೂಗುಹಾಕುತ್ತಾರೆ. ಹುಡುಗನಾಗಿದ್ದಾಗಿನಿಂದ ಬಣ್ಣ ಕಲಸುತ್ತಿದ್ದರೂ ಹಿರಿಯಣ್ಣನ ಒಂದು ಚಿತ್ರಕ್ಕೂ ಇಷ್ಟು ವರ್ಷ ಮನೆಯಾಚೆ ಮೊಳೆ ಸಿಕ್ಕಿರಲಿಲ್ಲ.

ತಗಡಿನ ಮಾಡು, ಹಾಲಿಗೆ ಅರಿಶಿನ ಕದಡಿದಂಥ ಬಿಸಿಲು, ಅದರಲ್ಲಿ ಅರ್ಧ ಕರಗಿ ನಿಂತ ಲೋಕಲ್ ರೈಲು, ಅದರ ಉದ್ದಕ್ಕೂ ಖಾಲಿ ಕಿಟಕಿಗಳು. ಇನ್ನು ಪ್ಲಾಟ್‌ಫಾರ್ಮಿನ ಜನರನ್ನು ಬರೆಯಬೇಕು. ಅಷ್ಟರಲ್ಲಿ ಕುಂಚ ತೊಳೆಯುವ ನೀರು ಕೆಸರಾಯಿತು.

"ಅಮ್ಮಾ, ಒಂಚೂರು ನೀರು ಕೊಡ್ತೀರಾ?" ಎಂದು ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ನಿಂತಿದ್ದ ರಾಚವ್ವನನ್ನು ಕೇಳಿದ.

ನೀರು ಕೊಟ್ಟ ರಾಚವ್ವ ಚಿತ್ರದತ್ತ ಬಗ್ಗಿದಳು. "ಸಾಹೇಬ್ರ, ಈ ಗಾಡಿ ಖಾಲಿ ಐತೇನ್ರಿ?"

"ಇನ್ನೂ ಯಾರನ್ನೂ ಬರೆದಿಲ್ಲಮ್ಮ."

"ಹಂಗಾರ ನನಗೊಂದು ಖಿಡಕಿ ಸೀಟ್ ಕೊಡ್ರಿ. ಮುಂಬೈಗೆ ಬಂದಾಗಿಂದ ಗಾಡ್ಯಾಗ ಬರೇ ಮಂದಿ ಬೆನ್ನ ನೋಡೇನಿ."

ನೀರಿನ ಋಣ. ಹಿರಿಯಣ್ಣ ಒಂದು ಕಿಟಕಿಯಲ್ಲಿ ಹಸಿರು ಸೀರೆಯ ಚುಕ್ಕೆಯೊಂದನ್ನು ಇಟ್ಟ. ರಾಚವ್ವ ಅದನ್ನೇ ನೋಡುತ್ತಾ ದನಿ ತಗ್ಗಿಸಿದಳು: "ಗಾಳಿ ಬಡದ ಕೂಡಲೇ ನಿದ್ದಿ ಹತ್ತೇತಿ ನೋಡ್ರಿ ನನಗ."

ಸುದ್ದಿ ಹಬ್ಬಿತು. ಕಟ್ಟಡದ ಕೆಲಸಕ್ಕೆ ಹೊರಟಿದ್ದ ಶಂಕ್ರೆಪ್ಪ ಕರಣೆ ಕಂಕುಳಲ್ಲಿಟ್ಟು ಮುಂದೆ ಬಂದ. "ನನ್ನೂ ಕುಂದ್ರಸ್ರಿ. ಕಾಲ ಚಾಚಿ." ಅವನ ಹಿಂದೆ ಅದೇ ಲೈನಿನಲ್ಲಿ ಹೂ ಮಾರುವ ದಾನವ್ವ. "ಗಾಳಿ ಬರೂ ಖಿಡಕಿ ಆಕಿಗ್ಯಾಕ? ಈ ಲೈನಿನ್ಯಾಗ ಆಕಿಗಿಂತ ಮೊದಲಿನಾಕಿ ನಾನು!"

"ನಾ ಏಳಂಗಿಲ್ಲ," ಎಂದಳು ರಾಚವ್ವ, ಪ್ಲಾಟ್‌ಫಾರ್ಮಿನ ಮೇಲೆ ನಿಂತುಕೊಂಡೇ.

"ಜರಾ ಸರಕಾ ನಾ!" ಎಂದು ಮರಾಠಿ ಹೆಂಗಸೊಬ್ಬಳು ಸ್ವಲ್ಪ ಸರಿದು ಕೂರುವಂತೆ ಚಿತ್ರಕ್ಕೇ ಗದರಿದಳು. ನಿಜವಾದ ಲೋಕಲ್‌ಗಳು ಬಂದವು, ಹೋದವು. ಯಾರೂ ಹತ್ತಲಿಲ್ಲ. ಲಾಠಿ ಬೀಸುತ್ತಾ ಬಂದ ಪೊಲೀಸನೂ ಚಿತ್ರ ನೋಡಿ ಮೆತ್ತಗಾದ. "ಭಾಯ್‌ಸಾಬ್, ಏಕ್ ಮೇರಾ ಭೀ..." ಎಂದು ತನಗೂ ಒಂದು ಸೀಟು ಕೇಳಿದ.

ಹಿರಿಯಣ್ಣನ ಕುಂಚ ಮದುವೆಯೂಟದ ಪಂಕ್ತಿಯಲ್ಲಿ ಬಡಿಸುವವನಂತೆ ಕಿಟಕಿಯಿಂದ ಕಿಟಕಿಗೆ ಓಡಿತು. ಸೀಟು ಸಿಕ್ಕವರೆಲ್ಲ ತಮ್ಮ ತಮ್ಮ ಚುಕ್ಕೆ ನೋಡಿಕೊಂಡು, ಕನಸಿನಲ್ಲಿ ನಡೆಯುವವರ ಹಾಗೆ ಚದುರಿದರು. ಆಮೇಲೆ ಹಿರಿಯಣ್ಣ ಚಿತ್ರವನ್ನು ದೂರ ಹಿಡಿದು ನೋಡಿದ. ರೈಲು ತುಂಬಿತ್ತು. ಪ್ಲಾಟ್‌ಫಾರ್ಮಿನಲ್ಲಿ ಒಂದು ಪಾರಿವಾಳ ಬಿಟ್ಟರೆ ಯಾರೂ ಇರಲಿಲ್ಲ.

ಸಂಜೆ ಸಂಘದ ಅಧ್ಯಕ್ಷರೂ ತೀರ್ಪುಗಾರರೂ ಆದ ಗುರಲಿಂಗಪ್ಪನವರು ಚಿತ್ರದ ಮುಂದೆ ನಿಂತರು. "ಹಿರಿಯಣ್ಣಾರ, ಗಿಜಿಗುಡೂ ಗರ್ದಿ ಎಲ್ಲೈತ್ರಿ?"

"ಎಲ್ರಿಗೂ ಸೀಟು ಸಿಕ್ಬಿಡ್ತು ಸಾರ್," ಎಂದ ಹಿರಿಯಣ್ಣ, ಅಪರಾಧಿಯ ದನಿಯಲ್ಲಿ.

ಗುರಲಿಂಗಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಉಳಿದ ಚಿತ್ರಗಳಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ಒದ್ದಾಡುತ್ತಿದ್ದರು. ಅವರು ಮತ್ತೆ ಮತ್ತೆ ಇದರ ಹತ್ತಿರವೇ ಬಂದರು. ಕೊನೆಗೆ ಹಿರಿಯಣ್ಣನ ಕಿವಿಯಲ್ಲಿ ಪಿಸುಗುಟ್ಟಿದರು: "ಬಹುಮಾನ ಇದಕ್ಕ. ಆದ್ರ ಮೋಟರ್‌ಮನ್ ಜಾಗಾ ಖಾಲಿ ಐತಲ್ರಿ? ಸಣ್ಣಾವಿದ್ದಾಗಿಂದ ನನಗ ಗಾಡಿ ಓಡಸೂ ಆಸೆ."

ಹಿರಿಯಣ್ಣನಿಗೆ ರೆಕ್ಕೆ ಬಂತು. ಗಡಿಬಿಡಿಯಿಂದ ಬಣ್ಣ ಕಲಸಿ, ರೈಲಿನ ಮುಂಗಾಜಿನ ಹಿಂದೆ ಮೀಸೆಸಮೇತ ಅವರನ್ನು ಕೂರಿಸಿದ. ಗುರಲಿಂಗಪ್ಪನವರು ಚಿತ್ರದಲ್ಲಿ ತಮ್ಮನ್ನು ಮಗುವಿನಂತೆ ಕಣ್ಣರಳಿಸಿ ನೋಡಿ ಮೈಕಿನ ಬಳಿಗೆ ನಡೆದರು.

"ಎಲ್ಲಾದ್ರಾಗ ಇದ ಚಲೋ ಚಿತ್ರ," ಎಂದರು. ಹಿರಿಯಣ್ಣ ಎದ್ದು ನಿಂತ. "ಆದ್ರ ಇದರಾಗ ನಾನ ಅದೀನಿ. ನಾ ಇರೂ ಚಿತ್ರಕ್ಕ ನಾನ ಬಹುಮಾನ ಕೊಟ್ರ ಮಂದಿ ಏನಂದಾರು? ಅದಕ್ಕ ಇದನ್ನ ಸ್ಪರ್ಧೆಯಿಂದ ತಗದೀನಿ!"

ಅಧ್ಯಕ್ಷರ ಪ್ರಾಮಾಣಿಕತೆಗೆ ಹಾಲ್ ಚಪ್ಪಾಳೆಯಿಂದ ಮೊಳಗಿತು. ಅವರು ಕೆಳಗಿಳಿದು ಚಿತ್ರವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡರು.

"ಗಾಡಿ ಓಡಸಾವ ನಾನಲ್ಲೇನ್ರಿ," ಎಂದರು, ಹಿರಿಯಣ್ಣನ ಬೆನ್ನು ತಟ್ಟಿ. "ನಮ್ಮ ಮನಿಗೇ ಒಯ್ತೀನಿ."

ಹಸಿ ಕುಂಚ ಕೈಯಲ್ಲಿದ್ದಂತೆಯೇ ಹಿರಿಯಣ್ಣನೂ ಚಪ್ಪಾಳೆ ತಟ್ಟಿದ. ಅವನ ಬಿಳಿ ಅಂಗಿಯ ತುಂಬ ಮೀಸೆಯ ಕಪ್ಪು ಬಣ್ಣ ಸಿಡಿಯಿತು.