ಕನಿಷ್ಠ ದರದ ಜ್ವಾಲಾಮುಖಿ

ಮನೆಗೊಂದು ಹೊಸ ಕಂಪ್ಯೂಟರ್ ಕೊಳ್ಳುವ ವಿಷಯದಲ್ಲಿ ಯಾರ ಸಲಹೆಯನ್ನೂ ಕೇಳಕೂಡದೆಂದು ನಾನು ನಿರ್ಧರಿಸಿದ್ದು ಅಹಂಕಾರದಿಂದಲ್ಲ, ಅರ್ಹತೆಯಿಂದ! ಇಪ್ಪತ್ತೆರಡು ವರ್ಷಗಳಿಂದ ನಾನು ದೊಡ್ಡಾಸ್ಪತ್ರೆಯ ಖರೀದಿ ವಿಭಾಗದಲ್ಲಿದ್ದೇನೆ. ಮಂಚ, ಹಾಸಿಗೆ, ಕೈಗವಸು, ನೆಲ ಒರೆಸುವ ಕೋಲು, ಯಾವುದೇ ಇರಲಿ, ನನ್ನ ಸಹಿಯಿಲ್ಲದೆ ಒಂದು ಗುಂಡುಸೂಜಿಯೂ ಆ ಕಟ್ಟಡದೊಳಗೆ ಕಾಲಿಡುವಂತಿಲ್ಲ. ಟೆಂಡರ್ ಕರೆದು, ಮೂರು ದರಪಟ್ಟಿ ತರಿಸಿ, ಮೊಹರಾದ ಲಕೋಟೆ ಒಡೆದು, ಕನಿಷ್ಠ ದರದವನಿಗೆ ಆದೇಶ ಕೊಟ್ಟು ಪಳಗಿದ ಈ ಕೈ, ಯಃಕಶ್ಚಿತ್ ಒಂದು ಕಂಪ್ಯೂಟರಿನ ಮುಂದೆ ನಡುಗೀತೇ?

ಕಂಪ್ಯೂಟರ್ ಬೇಕಾಗಿದ್ದದ್ದು ನನಗಲ್ಲ, ನನ್ನ ಹೆಂಡತಿಗೆ. ಅವಳು ಕಣ್ಣು ಕಾಣದ ಮಕ್ಕಳ ಶಾಲೆಯೊಂದಕ್ಕೆ ಪಾಠಗಳನ್ನು ಓದಿ ಧ್ವನಿಮುದ್ರಿಸಿ ಕೊಡುತ್ತಾಳೆ. ಹೆಂಡತಿಯನ್ನು ಹೊಗಳುವುದು ನನ್ನ ಅಭ್ಯಾಸವಲ್ಲ. ಆದರೂ ಹೇಳುತ್ತೇನೆ: ಅವಳು ನದಿಯ ಪಾಠ ಓದಿದರೆ ನೀರು ನಿಮ್ಮ ಪಾದದವರೆಗೆ ಬಂದು ನಿಲ್ಲುತ್ತದೆ. ಈ ಸಲ ಭೂಗೋಳದ ಹನ್ನೆರಡು ಪಾಠಗಳನ್ನು ಮೂರು ವಾರದಲ್ಲಿ ಮುಗಿಸಿಕೊಡಬೇಕಿತ್ತು. ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದಿತ್ತು. ಅಂಥ ಹೊತ್ತಿನಲ್ಲೇ ನಮ್ಮ ಹಳೆಯ ಕಂಪ್ಯೂಟರ್ ಕೆಮ್ಮಿ, ಗೊರಗೊರ ಎಂದು, ಪರದೆಯ ಮೇಲೆ ಒಂದು ನೀಲಿ ನಿಟ್ಟುಸಿರು ಬಿಟ್ಟು ಕಣ್ಮುಚ್ಚಿತು. ಎರಡು ವರ್ಷದಿಂದ ಕೂಡಿಟ್ಟಿದ್ದ ತನ್ನ ಸಂಭಾವನೆಯನ್ನೆಲ್ಲ ಅವಳು ನನ್ನ ಕೈಗಿಟ್ಟಳು.

"ಇಷ್ಟೇ ಇರೋದು. ಇದರಲ್ಲೇ ಆಗ್ಬೇಕು. ನೀವೇ ತಂದುಕೊಡಿ."

"ತರೋದು ಅಂತ ಇಲ್ಲ ಕಣೇ. ಖರೀದಿ ಪ್ರಕ್ರಿಯೆ ಅಂತ ಇರುತ್ತೆ."

"ಏನಾದ್ರೂ ಇರಲಿ. ನನಗೆ ಬೇಕಾಗಿರೋದು ಒಂದೇ. ಅದು ಸದ್ದು ಮಾಡ್ಬಾರ್ದು. ಹಳೇದರ ಗೊರಗೊರ ಪ್ರತಿ ಪಾಠದಲ್ಲೂ ಕೇಳಿಸ್ತಿತ್ತು."

"ಬರವಣಿಗೆಯಲ್ಲಿ ಕೊಡು."

"ಏನು?"

"ಬಾಯಿಮಾತು ಕಡತಕ್ಕೆ ಹೋಗಲ್ಲ."

ನಾನು ಕಚೇರಿಯಿಂದ ತಂದಿದ್ದ ಬೇಡಿಕೆ ನಮೂನೆಯನ್ನು ಮುಂದಿಟ್ಟೆ. ಅವಳು ನನ್ನನ್ನೊಮ್ಮೆ, ನಮೂನೆಯನ್ನೊಮ್ಮೆ ನೋಡಿ, ಮೊದಲ ಸಾಲಿನಲ್ಲಿ ದುಂಡಗೆ ಬರೆದಳು: ನಿಶ್ಶಬ್ದ.

"ಪ್ರಮಾಣ ಎಷ್ಟು?" ಎಂದೆ.

"ಪೂರ್ತಿ."

"ಪೂರ್ತಿ ಅನ್ನೋದು ಪ್ರಮಾಣ ಅಲ್ಲ. ಹೋಗಲಿ, ಅಳತೆ ಯಾವುದರಲ್ಲಿ? ಕಿಲೋನಾ, ಲೀಟರಾ, ಡಜನ್ನಾ?"

"ನಿಮ್ಮ ತಲೆ!"

"ಅದಕ್ಕೆ ನಮೂನೆಯಲ್ಲಿ ಅವಕಾಶ ಇಲ್ಲ."

ಅಳತೆಯಿಲ್ಲದ ವಸ್ತುವಿಗೆ ಟೆಂಡರ್ ಕರೆಯುವಂತಿಲ್ಲ. ಇದು ನಮ್ಮ ವಿಭಾಗದ ಮೂಲಮಂತ್ರ. ಹಿಂದೊಮ್ಮೆ ವೈದ್ಯರೊಬ್ಬರು 'ರೋಗಿಗಳಿಗೆ ಸಮಾಧಾನ' ಬೇಕೆಂದು ಬರೆದು ಕಳಿಸಿದ್ದಾಗಲೂ ನಾನು ಅದನ್ನು ಹೀಗೆಯೇ ಹಿಂದಿರುಗಿಸಿದ್ದೆ. ಆದ್ದರಿಂದ ಅತ್ಯಂತ ವಿಷಾದಪೂರ್ವಕವಾಗಿ ನಿಶ್ಶಬ್ದದ ಮೇಲೆ ಕೆಂಪು ಗೆರೆ ಎಳೆದೆ. ಅದರ ಜಾಗದಲ್ಲಿ ಅಳೆಯಬಹುದಾದ ನಲವತ್ತೊಂದು ಅಂಶಗಳನ್ನು ಬರೆದೆ. ನೆನಪಿನ ಶಕ್ತಿ ಎಷ್ಟು, ಪರದೆ ಎಷ್ಟಗಲ, ತಂತಿ ಎಷ್ಟುದ್ದ, ಹಿಂಬದಿಯಲ್ಲಿ ತೂತುಗಳೆಷ್ಟು, ಒಟ್ಟು ತೂಕವೆಷ್ಟು! ಪೆಟ್ಟಿಗೆಯ ತಗಡಿನ ದಪ್ಪವನ್ನೂ ಬಿಡಲಿಲ್ಲ.

ಮೂರು ಅಂಗಡಿಗಳಿಗೆ ಟೆಂಡರ್ ಕೊಟ್ಟೆ. ಮೊದಲ ಅಂಗಡಿಯವನು ಹಾಳೆಗಳನ್ನು ತಿರುವಿ ಹಾಕಿ ಕೇಳಿದ, "ಎಷ್ಟು ಕಂಪ್ಯೂಟರ್ ಬೇಕು ಸರ್?"

"ಒಂದು."

"ಒಂದಕ್ಕೆ ಮೊಹರು ಹಾಕಿದ ಲಕೋಟೆನಾ?"

"ಎರಡು ಪ್ರತಿಯಲ್ಲಿ."

ಹನ್ನೊಂದನೆಯ ದಿನ ಊಟದ ಮೇಜಿನ ಮೇಲೆ ಲಕೋಟೆಗಳನ್ನು ಒಡೆಯುವ ಕಾರ್ಯಕ್ರಮ ನಡೆಯಿತು. ಸಾಕ್ಷಿಗೆ ನನ್ನ ಅಮ್ಮನನ್ನು ಕೂರಿಸಿದ್ದೆ. ಅವರು ಕನ್ನಡಕ ಏರಿಸಿಕೊಂಡು, ತೋರಿಸಿದ ಕಡೆಯೆಲ್ಲ ಸಹಿ ಹಾಕುತ್ತ ಹೇಳಿದರು, "ನಿನ್ನ ಮದುವೆಗೂ ನಾವು ಇಷ್ಟು ವಿಚಾರಿಸಿರಲಿಲ್ಲವಲ್ಲೋ!"

"ಆಗಲೇ ವಿಚಾರಿಸಿದ್ರೆ ನಾನು ಬಚಾವಾಗ್ತಿದ್ದೆ ಅತ್ತೆ," ಎಂದಳು ಹೆಂಡತಿ. ಅತ್ತೆ ಸೊಸೆ ಇಬ್ಬರೂ ನಕ್ಕರು. ಸಾಕ್ಷಿಗಳು ನಗುವಂತಿಲ್ಲವೆಂಬ ನಿಯಮವನ್ನು ನಾನು ಓದಿ ಹೇಳಿದೆ. ಮತ್ತೂ ನಕ್ಕರು.

ಮೂರನೆಯ ಅಂಗಡಿಯದೇ ಕನಿಷ್ಠ ದರ! ನಲವತ್ತೊಂದು ಅಂಶಗಳೂ ಚಾಚೂ ತಪ್ಪದೆ ಇದ್ದವು. ಹೆಂಡತಿ ಕೊಟ್ಟ ದುಡ್ಡಿನಲ್ಲಿ ಇನ್ನೂ ಒಂದಿಷ್ಟು ಉಳಿಯುತ್ತಿತ್ತು. ಅದರ ಮೇಲೆ ಉಚಿತವಾಗಿ ಏಳು ಬಣ್ಣದ ದೀಪ ಮತ್ತು ನಾಲ್ಕು ಫ್ಯಾನು! ಬೆಲೆ ಕನಿಷ್ಠ, ಫ್ಯಾನು ಗರಿಷ್ಠ! ಅಂದು ನಾನು ಮನೆಯೊಳಗೆ ನಡೆಯಲಿಲ್ಲ, ತೇಲಿದೆ.

ಮರುದಿನ ಬೆಳಿಗ್ಗೆ ಕಂಪ್ಯೂಟರ್ ಬಂತು. ಹೆಂಡತಿಯ ಪುಟ್ಟ ಕೋಣೆಯಲ್ಲಿ ಅದನ್ನು ಸ್ಥಾಪಿಸಿ, ಇಬ್ಬರನ್ನೂ ಕರೆದು ನಿಲ್ಲಿಸಿ, ಗುಂಡಿ ಒತ್ತಿದೆ.

ಮೊದಲು ದೀಪಗಳು ಬಂದವು. ಆಮೇಲೆ ಗಾಳಿ ಬಂತು. ಆಮೇಲೆ ಬಂದದ್ದನ್ನು ಸದ್ದು ಎನ್ನುವುದು ಸದ್ದಿಗೆ ಮಾಡಿದ ಅವಮಾನವಾದೀತು. ಅದು ಗರ್ಜನೆ! ಕಿಟಕಿಯ ಪರದೆ ಅಲುಗಿತು. ಮೇಜಿನ ಮೇಲಿನ ಪೆನ್ನು ತಾನಾಗಿ ಉರುಳಿಕೊಂಡು ಹೋಗಿ ಅಂಚಿನಿಂದ ಕೆಳಗೆ ಹಾರಿತು.

"ಹಿಟ್ಟಿನ ಗಿರಣಿ ಯಾಕೋ ತಂದೆ?" ಎಂದು ಅಮ್ಮ ಕೂಗಿದರು.

"ಹೊಸದಲ್ವಾ, ಪಳಗಬೇಕು," ಎಂದು ನಾನೂ ಕೂಗಿದೆ.

ಹೆಂಡತಿ ಮೈಕನ್ನು ಜೋಡಿಸಿ, ಮರುಭೂಮಿಯ ಪಾಠದ ಮೊದಲ ವಾಕ್ಯ ಓದಿದಳು: "ದೂರ ದೂರದವರೆಗೆ ಒಂದು ಹುಲ್ಲುಕಡ್ಡಿಯೂ ಅಲುಗದ ಮೌನ." ಆಮೇಲೆ ಅದನ್ನು ಕೇಳಿಸಿಕೊಂಡು ತಲೆಯಿಂದ ಹೆಡ್‌ಫೋನ್ ತೆಗೆದಳು.

"ಹೇಗಿದೆ?"

"ಒಂಟೆಗಳೆಲ್ಲ ವಿಮಾನ ನಿಲ್ದಾಣದಲ್ಲಿ ಓಡಾಡೋ ಹಾಗಿದೆ."

ಇನ್ನು ಒಂಬತ್ತು ದಿನ ಉಳಿದಿತ್ತು. ನಾನು ಕಚೇರಿಗೆ ರಜೆ ಹಾಕಿ ಪರಿಹಾರ ಕಾರ್ಯಕ್ಕೆ ಇಳಿದೆ. ಕಂಪ್ಯೂಟರನ್ನು ಬಚ್ಚಲುಮನೆಯಲ್ಲಿಟ್ಟೆ. ತಂತಿ ಅಡ್ಡ ಬಂದು ಬಾಗಿಲು ಮುಚ್ಚಲಿಲ್ಲ. ಗೋಡೆಗೆ ಬಡಿದ ಗರ್ಜನೆ ಇಮ್ಮಡಿಯಾಗಿ ಹೊರಬಂತು. ಮರಳಿ ತಂದು ಎರಡು ಕಂಬಳಿ, ಒಂದು ರಜಾಯಿ, ಅಮ್ಮನ ಶಾಲು ಹೊದಿಸಿದೆ. ಆಹಾ, ಸದ್ದು ಅಡಗಿತು! ಹೆಂಡತಿ ಉತ್ಸಾಹದಿಂದ ಹಿಮಖಂಡದ ಪಾಠ ಶುರುಮಾಡಿದಳು. ಇಪ್ಪತ್ತು ನಿಮಿಷ ಒಂದೂ ತಪ್ಪಿಲ್ಲದೆ ಓದಿದಳು. ಇಪ್ಪತ್ತೊಂದನೆಯ ನಿಮಿಷಕ್ಕೆ ಶಾಲಿನಿಂದ ಇಸ್ತ್ರಿಪೆಟ್ಟಿಗೆಯ ವಾಸನೆ ಬಂತು. ಉಸಿರುಕಟ್ಟಿದ ಕಂಪ್ಯೂಟರ್ ಟಕ್ಕನೆ ಆರಿಹೋಯಿತು. ಓದಿದ್ದೊಂದೂ ಉಳಿಯಲಿಲ್ಲ. ಹಿಮಖಂಡ ಇಡಿಯಾಗಿ ಕರಗಿ ಹೋಗಿತ್ತು!

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಉತ್ತರಗಳು ಸಿದ್ಧವಿದ್ದವು. ಸುಮ್ಮನೆ ಪಾಠದ ಪುಸ್ತಕ ಮುಚ್ಚಿ, ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತಳು.

ನಾನು ಅಂಗಡಿಗೆ ಧಾವಿಸಿದೆ. ಇಪ್ಪತ್ತೆರಡು ವರ್ಷ ನಾನೂ ಎಷ್ಟೋ ಮಾಲು ತಿರಸ್ಕರಿಸಿದವನೇ! ಗಲ್ಲಾದ ಮೇಲೆ ಮುಷ್ಟಿ ಇಟ್ಟು, "ನಿಮ್ಮ ಮಾಲು ಸರಿಯಿಲ್ಲ. ವಾಪಸ್ ತಗೊಳ್ಳಿ. ವಿಪರೀತ ಸದ್ದು!" ಎಂದೆ.

ಅಂಗಡಿಯವನು ಶಾಂತವಾಗಿ ನನ್ನದೇ ಕಡತವನ್ನು ತೆಗೆದ. "ನಲವತ್ತೊಂದು ಅಂಶ ಸರ್. ನೀವೇ ಬರೆದದ್ದು. ಸದ್ದಿನ ಮಾತು ಎಲ್ಲಿದೆ, ತೋರಿಸಿ."

"ಸದ್ದಿಗೆ ಅಳತೆ ಇಲ್ವಲ್ರೀ, ಹೇಗೆ ಬರೆಯೋದು?"

"ಇದೆಯಲ್ಲ ಸರ್. ಡೆಸಿಬಲ್ ಅಂತ. ಒಂದು ಸಾಲು ಬರೆದಿದ್ರೆ ಒಂದೇ ಫ್ಯಾನಿನದು ಕೊಡ್ತಿದ್ದೆ. ಅದಕ್ಕೆ ಬೆಲೆನೂ ಕಮ್ಮಿ." ಹಾಳೆ ತಿರುವಿದ. "ಮತ್ತೆ ನೋಡಿ, ಕೊನೇ ಪುಟ. 'ಒಮ್ಮೆ ಒಪ್ಪಿಕೊಂಡ ಮಾಲನ್ನು ಯಾವ ಕಾರಣಕ್ಕೂ ಹಿಂದಿರುಗಿಸತಕ್ಕದ್ದಲ್ಲ.' ಇದೂ ನೀವೇ ಹಾಕಿರೋ ಷರತ್ತು. ಕೆಳಗೆ ನಿಮ್ಮ ಸಹಿ. ಪಕ್ಕದಲ್ಲಿ ನಿಮ್ಮ ತಾಯಿಯವರದ್ದು."

ಎಂಥ ಭದ್ರವಾದ ಒಪ್ಪಂದ! ಬರೆದವನ ಮೇಲೆ ಅಭಿಮಾನವೂ ಬಂತು, ಅವನನ್ನು ಕೊಲ್ಲಬೇಕೆಂದೂ ಅನಿಸಿತು.

ತಲೆ ತಗ್ಗಿಸಿಕೊಂಡು ಮನೆಗೆ ಬಂದರೆ ಹೆಂಡತಿಯ ಕೋಣೆಯಿಂದ ಗರ್ಜನೆ ಕೇಳಿಸುತ್ತಿತ್ತು. ಇಣುಕಿದೆ. ಕಂಪ್ಯೂಟರ್ ನಾಲ್ಕೂ ಫ್ಯಾನು ತಿರುಗಿಸಿಕೊಂಡು ಬೊಬ್ಬಿರಿಯುತ್ತಿತ್ತು. ಅವಳು ಮೈಕನ್ನು ಅದರ ಬೆನ್ನಿಗೇ ಹಿಡಿದು, ಕೊರಳೆತ್ತಿ ಓದುತ್ತಿದ್ದಳು: "ಈಗ ನೀವು ನಿಂತಿರುವುದು ಜ್ವಾಲಾಮುಖಿಯ ಬಾಯಲ್ಲಿ! ಕಾಲಡಿಯ ನೆಲ ನಡುಗುತ್ತಿದೆ, ಕೇಳಿಸಿಕೊಳ್ಳಿ!" ಮುಗಿಸಿ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. "ಹೇಗೂ ದುಡ್ಡು ಕೊಟ್ಟಾಗಿದೆ. ದುಡಿಯಲಿ."

ಜಲಪಾತ, ಚಂಡಮಾರುತ, ಗಾಳಿಯ ಒತ್ತಡ! ಹೀಗೆ ಎರಡೇ ದಿನದಲ್ಲಿ ನಾಲ್ಕು ಪಾಠ ಮುಗಿದವು. ಉಳಿದ ಎಂಟು ಪಾಠಗಳು ಮಾತ್ರ ಸ್ವಭಾವತಃ ಸಾಧುಗಳು. ಕಾಡು, ಮರುಭೂಮಿ, ಹಿಮಖಂಡ, ಕಡಲ ತಳ. ಅವಕ್ಕೆ ದಾರಿ ತೋರಿಸಿದ್ದು ಅಮ್ಮ.

"ಪಕ್ಕದ ಮನೆ ಬ್ಯಾಂಡ್ ಅಜ್ಜನ ಕೇಳಿ ನೋಡಬಾರದಾ? ಅವರಿಗೆ ಸದ್ದಾದರೇನು, ಬಿಟ್ಟರೇನು?"

ಬ್ಯಾಂಡ್ ಅಜ್ಜ ಮೂವತ್ತು ವರ್ಷ ಮೆರವಣಿಗೆಗಳಲ್ಲಿ ದೊಡ್ಡ ಡ್ರಮ್ ಬಾರಿಸಿ ನಿವೃತ್ತರಾದವರು. ಕಿವಿಯ ಯಂತ್ರ ತೆಗೆದಿಟ್ಟರೆ ಗುಡುಗಿಗೂ ಅಲ್ಲಾಡುವವರಲ್ಲ. ನಾನು ಕಂಪ್ಯೂಟರನ್ನು ಹೊತ್ತುಕೊಂಡು ಹೋದಾಗ ಸಂತೋಷದಿಂದ ಜಾಗ ಮಾಡಿಕೊಟ್ಟರು. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, "ತಾಳ ಸ್ವಲ್ಪ ಓಡ್ತಾ ಇದೆ, ಆದರೆ ಒಳ್ಳೇ ವಾದ್ಯ," ಎಂದು ಮೆಚ್ಚಿಕೊಂಡರು.

ಅವರ ಕಿಟಕಿಯಿಂದ ನಮ್ಮ ಕಿಟಕಿಗೆ ಮೈಕಿನ ಉದ್ದನೆಯ ತಂತಿ ಎಳೆದೆ. ಟೆಂಡರಿನಲ್ಲಿ ಉಳಿದ ದುಡ್ಡು ಆ ತಂತಿಗೇ ಹೋಯಿತು. ಗುಂಡಿ ಒತ್ತಲು ನಾನು ಅಲ್ಲಿ ಕೂರಬೇಕಾಯಿತು. ಅವಳಿಗೂ ನನಗೂ ಸಂಪರ್ಕ? ನನ್ನ ಮಣಿಕಟ್ಟಿಗೆ ಒಂದು ದಾರ! ಅದರ ಇನ್ನೊಂದು ತುದಿ ಹೆಂಡತಿಯ ಕೈಯಲ್ಲಿ. ಒಂದು ಸಲ ಎಳೆದರೆ ಶುರು, ಎರಡು ಸಲ ಎಳೆದರೆ ನಿಲ್ಲಿಸು, ಮೂರು ಸಲ ಎಳೆದರೆ ತಪ್ಪಾಯ್ತು, ಮೊದಲಿಂದ.

ನಾಲ್ಕನೆಯ ಸಂಜ್ಞೆಯೂ ಒಂದಿತ್ತು. ಕಾರಣವೇ ಇಲ್ಲದೆ ಜೋರಾಗಿ ಎಳೆಯುವುದು. ಅದಕ್ಕೆ ಅರ್ಥ ಕೇಳಿದಾಗ, "ಅದು ನನ್ನ ಸಮಾಧಾನಕ್ಕೆ" ಎಂದಳು.

ಐದು ದಿನ, ದೊಡ್ಡಾಸ್ಪತ್ರೆಯ ಖರೀದಿ ಅಧಿಕಾರಿ ನೆರೆಮನೆಯ ಕಿಟಕಿಯಲ್ಲಿ ಕರುವಿನಂತೆ ದಾರಕ್ಕೆ ಕಟ್ಟಿಸಿಕೊಂಡು ಕೂತಿದ್ದ. ದಾರಿಹೋಕರು ನಿಂತು ನೋಡಿ ಹೋದರು. ಹೆಡ್‌ಫೋನಿನಲ್ಲಿ ಮಾತ್ರ ಹೆಂಡತಿಯ ದನಿ, ಅದರ ಸುತ್ತ ಕೊಳದ ನೀರಿನಂಥ ಮೌನ. ಮರುಭೂಮಿಯಲ್ಲಿ ಮರಳು ಜಾರುವುದನ್ನು ಅವಳು ಹೇಳುವಾಗ ನನಗೆ ಅದು ಜಾರಿದ್ದು ಕೇಳಿಸಿತು. ಹದಿನೇಳು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅವಳ ಒಂದು ಪಾಠವನ್ನೂ ಪೂರ್ತಿಯಾಗಿ ಕೇಳಿರಲಿಲ್ಲ. ಎರಡು ಸಲ ಎಳೆದದ್ದು ಗೊತ್ತಾಗದೆ ಕೂತಿದ್ದಕ್ಕೆ ನಾಲ್ಕನೆಯ ಸಂಜ್ಞೆ ಬಂತು.

ಹೇಳಿದ ದಿನಕ್ಕೆ ಸರಿಯಾಗಿ ಹನ್ನೆರಡೂ ಪಾಠಗಳು ಶಾಲೆಗೆ ತಲುಪಿದವು. ವಾರದ ನಂತರ ಮುಖ್ಯೋಪಾಧ್ಯಾಯಿನಿ ಫೋನ್ ಮಾಡಿದರು. ಮಕ್ಕಳಿಗೆ ಜ್ವಾಲಾಮುಖಿಯದೇ ಹುಚ್ಚಂತೆ. ಆ ಸದ್ದು ಹೇಗೆ ಮಾಡಿದ್ದೆಂದು ದಿನವೂ ಪೀಡಿಸುತ್ತಿದ್ದಾರಂತೆ. ಒಮ್ಮೆ ತಂದು ತೋರಿಸಬಹುದೇ?

ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು! ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು, ಹೆಂಡತಿಯ ಜೊತೆ ಬಾಡಿಗೆ ಕಾರಿನಲ್ಲಿ ಹೋದೆ. ತರಗತಿಯ ನಡುವೆ ಅದನ್ನು ಇರಿಸಿ ಗುಂಡಿ ಒತ್ತಿದಾಗ ಮಕ್ಕಳೆಲ್ಲ ಒಟ್ಟಿಗೆ "ಹೋ!" ಎಂದು ಕಿರುಚಿದರು. ಒಬ್ಬೊಬ್ಬರಾಗಿ ಬಂದು ಪೆಟ್ಟಿಗೆಯನ್ನು ಸವರಿದರು, ಬಿಸಿಗಾಳಿಗೆ ಮುಖವೊಡ್ಡಿ ನಕ್ಕರು. ಅದೇ ಗಳಿಗೆಯಲ್ಲಿ ನಾನು ಅದನ್ನು ಆರಿಸಿ, ಗಂಟಲು ಸರಿಪಡಿಸಿಕೊಂಡು ನಲವತ್ತೊಂದು ಅಂಶಗಳ ಕಥೆ, ಮೂರು ಲಕೋಟೆಗಳ ಕಥೆ, ಹನ್ನೊಂದು ದಿನಗಳ ಪರಿಶೀಲನೆಯ ಕಥೆ ಹೇಳಿದೆ. ಮಕ್ಕಳು ಮೈಯೆಲ್ಲ ಕಿವಿಯಾಗಿ ಕೇಳಿದರು.

ಎಂಟೋ ಒಂಬತ್ತೋ ವರ್ಷದ, ಎರಡು ಜಡೆಯ ಹುಡುಗಿಯೊಬ್ಬಳು ಪೆಟ್ಟಿಗೆಯ ಮೇಲಿಟ್ಟ ಕೈ ತೆಗೆಯದೆ ಕೇಳಿದಳು, "ಮಾಮಾ, ಇದು ನಿಜವಾಗ್ಲೂ ಕಂಪ್ಯೂಟರಾ?"

"ಹೌದು ಪುಟ್ಟಿ."

"ಅಂಗಡಿಯಲ್ಲಿ ಇದನ್ನ ಚಾಲೂ ಮಾಡಿ ಕೇಳಿಸ್ಕೊಳ್ಳಲಿಲ್ವಾ?"

"ಇಲ್ಲ..."

"ಮುಟ್ಟಿಯೂ ನೋಡಲಿಲ್ವಾ?"

"ಇಲ್ಲಮ್ಮ. ಪಟ್ಟಿ ನೋಡಿದೆ, ದರ ನೋಡಿದೆ..."

ಅವಳ ಹುಬ್ಬು ಮೇಲೇರಿತು. ತನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬಂತೆ ಕತ್ತು ವಾಲಿಸಿದಳು.

"ಅಂದ್ರೆ, ಬರೀ ಕಣ್ಣಲ್ಲಿ ನೋಡಿ ತಂದುಬಿಟ್ರಾ?"

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಆ ಹುಡುಗಿ ಗಾಳಿಯಲ್ಲಿ ತಡಕಿ ನನ್ನ ಕೈ ಹುಡುಕಿಕೊಂಡು, ಅದನ್ನು ಬಹಳ ಮೃದುವಾಗಿ ಎರಡು ಸಲ ತಟ್ಟಿದಳು.

"ಪಾಪ!" ಎಂದಳು.