ಕಂಡಕ್ಟರನ ನರಹುಲಿಗಳು

ಅಳಬೇಕಾದ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬರು ನಗಿಸಿಬಿಡುವುದು ನನ್ನ ಹೆಂಡತಿಯ ತವರಿನಲ್ಲಿ ಮೊದಲಿನಿಂದಲೂ ನಡೆದುಬಂದದ್ದು. ಅದರಲ್ಲಿ ಮುಂದಾಳು ಅವಳ ತಮ್ಮ. ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಬರುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದ. ಈ ಪ್ರಸಂಗಗಳನ್ನೆಲ್ಲ ಅವನೇ ಹೇಳುತ್ತಿದ್ದ, ನಾವು ಕೇಳುತ್ತಿದ್ದೆವು. ಈಗ ಹೇಳಲು ಅವನಿಲ್ಲ. ನಾನು ದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ತರಗತಿಯಿಂದ ಹೊರಗೆ ಹೆಚ್ಚು ಮಾತಾಡುವವನಲ್ಲ. ಅವನು ಹೇಳಿದಾಗ ಬಂದಷ್ಟು ನಗು ಇದರಲ್ಲಿ ಬರಲಿಕ್ಕಿಲ್ಲ.

ಮೂವತ್ತು ತುಂಬುವ ಮೊದಲೇ ಅವನ ಎರಡೂ ಕಿಡ್ನಿ ಕೆಟ್ಟವು. ಒಬ್ಬರ ಕಿಡ್ನಿ ತೆಗೆದು ಇನ್ನೊಬ್ಬರಿಗೆ ಇಡುವುದು ನಮ್ಮ ದೇಶದಲ್ಲಿ ಆಗಷ್ಟೇ ಶುರುವಾಗಿತ್ತು. ತಮಿಳುನಾಡಿನ ಒಂದು ದೊಡ್ಡ ಆಸ್ಪತ್ರೆಗೆ ಹೋಗಿ ನನ್ನ ಹೆಂಡತಿ ತನ್ನದೊಂದನ್ನು ತಮ್ಮನಿಗೆ ಕೊಟ್ಟಳು. ಕೊಡಲೇ ಎಂದು ನನ್ನನ್ನು ಕೇಳಲಿಲ್ಲ. ಕೊಡುತ್ತೇನೆ ಎಂದು ಹೇಳಿದಳು, ಅಷ್ಟೆ.

ನೆಗಡಿ ಬಂದ ಕುರಿ

ಅತ್ತೆಯವರದು ಹಿರಿಯೂರಿನ ಹತ್ತಿರ ಕುರಿ ಸಾಕುವ ಮನೆ. ಆಸ್ಪತ್ರೆಯಿಂದ ಮಗ ದುರ್ಗದ ನಮ್ಮ ಮನೆಗೆ ಬಂದ ಮೇಲೆ ಅವನ ಮುಂದಿದ್ದ ಮಾತ್ರೆಗಳ ರಾಶಿ ನೋಡಿ ಅವರು ಕೇಳಿದರು:

"ಗಾಯ ಮಾಗೈತೆ. ಇನ್ನೂ ಯಾಕೋ ಇಷ್ಟು ಮಾತ್ರೆ?"

"ಇರೋತನ್ಕ ನುಂಗ್ಬೇಕಂತೆ ಅವ್ವ. ಈ ಕಿಡ್ನಿ ನಂದಲ್ಲ ಅಂತ ನನ್ ಮೈಗೆ ಗೊತ್ತಾದ್ರೆ ಒದ್ದು ಓಡಿಸ್ತೈತಂತೆ."

"ಒಂದೇ ಹೊಟ್ಟೇಲಿ ಹುಟ್ದೋರು. ಅಕ್ಕಂದು ಬ್ಯಾರೆ, ನಿಂದು ಬ್ಯಾರೆನಾ?"

ವಿವರಿಸಲು ನಾನು ಗಂಟಲು ಸರಿಮಾಡಿಕೊಂಡೆ. ಅವನು, "ಭಾವ, ನೀವು ಕುಂತ್ಕಳ್ರಿ, ಬೆಲ್ ಹೊಡೆದಿಲ್ಲ" ಎಂದು ತಾಯಿಯ ಕಡೆ ತಿರುಗಿದ.

"ತಾಯಿ ಸತ್ತ ಮರೀನ ಬ್ಯಾರೆ ಕುರಿ ತಾವ ಬಿಟ್ರೆ ಏನ್ಮಾಡ್ತೈತೆ?"

"ಮೂಸಿ ನೋಡಿ ಒದಿತೈತೆ."

"ಆ ಕುರಿಗೆ ನೆಗಡಿ ಬಂದಿದ್ರೆ?"

ಅತ್ತೆ ಯೋಚಿಸಿದರು. "ವಾಸ್ನೆ ಹತ್ತಲ್ಲ. ಕುಡಿಸ್ಕಂಡ್ರೂ ಕುಡಿಸ್ಕಂತು."

"ಇವು ನೆಗಡಿ ಮಾತ್ರೆ. ನನ್ ಮೈಗೆ ದಿನಾ ನೆಗಡಿ ಬರ್ಸಾಕೆ."

ಅತ್ತೆಗೆ ಅರ್ಥವಾಯಿತು. ಆದರೆ ಅರ್ಥವಾದದ್ದು ಅವರಿಗೆ ಅಷ್ಟು ಹಿಡಿಸಲಿಲ್ಲ. "ಹಂಗಾದ್ರೆ ತೋಳ ಬಂದ್ರೂ ಅದಕ್ಕೆ ವಾಸ್ನೆ ಹತ್ತಲ್ವಲ್ಲೋ" ಎಂದರು.

ಡಾಕ್ಟರೂ ನಮಗೆ ಅದನ್ನೇ ಹೇಳಿದ್ದರು, ತೋಳ ಎಂದಿರಲಿಲ್ಲ ಅಷ್ಟೆ. ಜನಜಂಗುಳಿ ಬೇಡ, ಗಾಯ ಮಾಡಿಕೊಳ್ಳಬೇಡ, ಜ್ವರ ಬಂದರೆ ತಡ ಮಾಡಬೇಡ.

"ತೋಳಕ್ಕೆ ನನ್ ಬಸ್ಸಿನ ಟೈಮ್ ಗೊತ್ತಿಲ್ಲ, ಬಿಡವ್ವ" ಎಂದ ಅವನು.

ಶಕ್ತಿ

ಆಪರೇಷನ್ ಆದವನಿಗೆ ಶಕ್ತಿ ಬರಲಿ ಎಂದು ನೆಂಟರೆಲ್ಲ ಏನಾದರೊಂದು ಹಿಡಿದುಕೊಂಡು ಬರುತ್ತಿದ್ದರು. ಮದಕರಿಪುರದ ದೊಡ್ಡಪ್ಪನೊಬ್ಬರು ಒಂದು ಡಬ್ಬಿ ಲೇಹ್ಯ ತಂದರು. ಇದನ್ನು ತಿಂದವನ ಹತ್ತಿರ ಯಾವ ರೋಗವೂ ಸುಳಿಯುವುದಿಲ್ಲ, ಮೈ ಕಲ್ಲಾಗುತ್ತದೆ ಎಂದರು.

"ಅದೇ ಬ್ಯಾಡ ಅಂದಾರೆ ದೊಡ್ಡಪ್ಪ" ಎಂದ ಅವನು.

"ಏನು?"

"ಶಕ್ತಿ. ರೋಗದ ಜೊತೆ ಹೊಡೆದಾಡೋ ಶಕ್ತಿ ನಂಗೆ ಜಾಸ್ತಿ ಆಗಬಾರದು. ಅದು ಅಕ್ಕನ ಕಿಡ್ನಿ ಮೇಲೇ ಕೈ ಮಾಡ್ತೈತೆ."

"ಡಾಕ್ಟ್ರ ಹತ್ರ ಹೋಗಿ ನಿಶ್ಶಕ್ತಿ ಇಸ್ಕಂಡು ಬಂದೋನ್ನ ನಾ ಇದೇ ಮೊದ್ಲು ನೋಡಿದ್ದು" ಎಂದರು ದೊಡ್ಡಪ್ಪ.

ತಂದದ್ದನ್ನು ಹಿಂದಕ್ಕೆ ಕೊಟ್ಟರೆ ಬೇಜಾರು. ಆ ಲೇಹ್ಯ ನನ್ನ ಪಾಲಿಗೆ ಬಂತು. ಆಮೇಲೆ ಬಂದವೂ ಒಂದೊಂದಾಗಿ ನನಗೇ ಬಂದವು. ಶರ್ಟಿನ ಗುಂಡಿ ಹಾಕಲು ಬಾರದಂತಾಯಿತು. ಮಳೆಗಾಲದ ಹೊತ್ತಿಗೆ ತುರುವನೂರಿನಿಂದ ಬಂದ ಒಬ್ಬರು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ, "ಪರವಾಗಿಲ್ಲ, ಕಿಡ್ನಿ ಚೆನ್ನಾಗಿ ಹತ್ತೈತೆ ನಿಮಗೆ" ಎಂದರು.

ಕಿಡ್ನಿ ಕೊಟ್ಟವಳಿಗೆ ಮಾತ್ರ ಯಾರೂ ಏನೂ ತಂದಿರಲಿಲ್ಲ. ಬಂದವರಿಗೆಲ್ಲ ಅವಳೇ ಕಾಫಿ ಮಾಡುತ್ತಿದ್ದಳು.

ಬಸ್ಸಿನ ವೈದ್ಯರು

ಎರಡು ವರ್ಷ ಚೆನ್ನಾಗಿ ಕಳೆದವು. ಅವನು ಮತ್ತೆ ಬಸ್ಸು ಹತ್ತಿದ. ಜನರ ನಡುವೆ ಹೋಗಬೇಡ ಎಂದರೆ, "ಜನ ಇಲ್ದಿದ್ರೆ ಅದು ಬಸ್ ಆಗಲ್ಲ ಭಾವ, ಡಿಪೋ ಆಗ್ತೈತೆ" ಎನ್ನುತ್ತಿದ್ದ.

ಆಮೇಲೆ ಬಲಗೈಯಲ್ಲಿ ಒಂದು ನರಹುಲಿ ಎದ್ದಿತು. ಅದರ ಪಕ್ಕ ಇನ್ನೊಂದು. ನರಹುಲಿ ಯಾರಿಗೆ ಬರುವುದಿಲ್ಲ? ಅದನ್ನು ತರುವ ವೈರಸ್ಸು ಎಲ್ಲರ ಕೈಯನ್ನೂ ಮುಟ್ಟಿಕೊಂಡೇ ಓಡಾಡುತ್ತದೆ. ಎಳೆತನದಲ್ಲಿ ಬರುತ್ತದೆ, ಮೈ ಅದನ್ನು ಗುರುತು ಹಿಡಿದ ದಿನ ಉದುರಿ ಹೋಗುತ್ತದೆ. ಇವನ ಮೈಗೆ ನೆಗಡಿ. ಗುರುತು ಹಿಡಿಯಲಿಲ್ಲ. ಕೈಯ ಹಿಂಭಾಗ ಮಳೆಗೆ ಅಣಬೆ ಎದ್ದ ತಿಪ್ಪೆಯಂತಾಯಿತು.

ಟಿಕೆಟ್ ಕೊಡುವ ಕೈ ಅದು, ಅಡಗಿಸಿಡುವಂತಿಲ್ಲ. ಹೊಳಲ್ಕೆರೆಯಲ್ಲಿ ಹತ್ತುವ ಹೂವಿನ ಹೆಂಗಸು, "ಟಿಕೆಟ್ ಬುಟ್ಟೀಲಿ ಹಾಕಿ ಕಂಡಕ್ಟ್ರೇ, ಕೈಗೆ ಬ್ಯಾಡ" ಎನ್ನುತ್ತಿದ್ದಳಂತೆ. ಮಿಕ್ಕವರು ಒಬ್ಬೊಬ್ಬರು ಒಂದೊಂದು ಔಷಧಿ ಹೇಳುತ್ತಿದ್ದರು. ಕುದುರೆ ಕೂದಲು ಬಿಗಿ, ಸುಣ್ಣ ಹಚ್ಚು, ಕಳ್ಳಿಹಾಲು ಬಿಡು. ಸುಣ್ಣದವರಿಗೂ ಕುದುರೆ ಕೂದಲಿನವರಿಗೂ ಜಗಳ ಹತ್ತಿ ಡ್ರೈವರ್ ಬಸ್ಸು ನಿಲ್ಲಿಸಿದ್ದೂ ಉಂಟು.

ಕಡೆಯ ಸೀಟಿನ ಮುದುಕರೊಬ್ಬರು ಮಾತ್ರ, "ಏನೂ ಮಾಡಬ್ಯಾಡಪ್ಪ. ನನಗೂ ಇದ್ವು. ತಾವಾಗೇ ಹೋದ್ವು" ಎಂದರಂತೆ.

"ಅದೆಂಗ್ ಹೋದ್ವು ಅಜ್ಜ?"

"ನನ್ ಕೂಡೆ ಇದ್ದು ಬ್ಯಾಸರ ಆಗಿ ಹೋದ್ವು."

ಈ ಕಥೆ ಹೇಳಿ ಮುಗಿಸಿ ಅವನು ಕೈ ತಿರುಗಿಸಿ ನೋಡಿಕೊಂಡ. "ನಾನು ಜಾಸ್ತಿ ನಗಿಸ್ತೀನಿ ಭಾವ. ಅದಕ್ಕೇ ಅವು ಇಳೀತಿಲ್ಲ" ಎಂದ.

ಉಪ್ಪು

ನಮ್ಮ ಕಡೆ ನರಹುಲಿಗೆ ಒಂದು ಹರಕೆ ಇದೆ. ಅಮ್ಮನ ಗುಡಿಯ ಹೊಂಡಕ್ಕೆ ಹಿಡಿ ಉಪ್ಪು ಹಾಕಿ, ಹಿಂದೆ ತಿರುಗಿ ನೋಡದೆ ಬಂದುಬಿಡಬೇಕು. ಉಪ್ಪು ಕರಗಿದ ಹಾಗೆ ನರಹುಲಿ ಕರಗುತ್ತದೆ. ವಾಸಿಯಾದ ಮೇಲೆ ಹೋಗಿ ಗುಡಿಗೆ ಪೊರಕೆ ಕೊಡಬೇಕು.

ಅತ್ತೆ ಹಿರಿಯೂರಿನಿಂದ ಉಪ್ಪು ಕಟ್ಟಿಕೊಂಡೇ ಬಂದರು. ಹಿಡಿಯಲ್ಲ, ಒಂದು ಚೀಲ. ಅಷ್ಟು ನರಹುಲಿಗೆ ಹಿಡಿ ಉಪ್ಪು ಎಲ್ಲಿ ಸಾಕಾಗುತ್ತದೆ ಎಂಬ ಲೆಕ್ಕ ಅವರದು. ಹೊಸದುರ್ಗದ ದಾರಿಯಲ್ಲಿರುವ ಒಂದು ಗುಡಿಗೆ ನಾವು ನಾಲ್ವರೂ ಹೋದೆವು. ಅವನು ಉಪ್ಪು ಸುರಿದ. ಮೀನುಗಳ ಗತಿ ಏನಾಯಿತೋ. "ಇನ್ನು ಹೋಗಾಣ. ತಿರುಗಿ ನೋಡಬ್ಯಾಡ ಮತ್ತೆ" ಎಂದರು ಅತ್ತೆ.

ಮುಂದೆ ಅವನು, ಹಿಂದೆ ನಾವು ಮೂವರು. ಮೆಟ್ಟಿಲು ಹತ್ತಿದ. ಗುಡಿಯ ಹೊರಬಾಗಿಲಿನ ತನಕ ಚೆನ್ನಾಗಿಯೇ ನಡೆದ. ಹೊಸಲಿನಿಂದ ಒಂದು ಕಾಲು ಕೆಳಗಿಟ್ಟವನು, ಬಸ್ಸಿನ ಕಂಬಿ ಹಿಡಿಯುವವನಂತೆ ಬಾಗಿಲ ಚೌಕಟ್ಟನ್ನು ಹಿಡಿದು, ಕತ್ತು ಹೊರಳಿಸಿ ಹಿಂದೆ ಬರುತ್ತಿದ್ದ ನಮ್ಮನ್ನೆಲ್ಲ ಒಮ್ಮೆ ನೋಡಿದ.

ಅತ್ತೆ ಹಣೆ ಚಚ್ಚಿಕೊಂಡರು. "ಯಾಕ್ ನೋಡಿದ್ಯೋ?"

ಅವನಿಗೂ ಆಗಲೇ ಗೊತ್ತಾದದ್ದು. ಪಾಪ, ಮುಖ ಸಣ್ಣದು ಮಾಡಿಕೊಂಡು ಹೇಳಿದ: "ಎಲ್ಲಾರೂ ಹತ್ತಿದ್ರೋ ಇಲ್ವೋ ನೋಡದೆ ರೈಟ್ ಅನ್ನಾಕೆ ಬರಲ್ಲ ಅವ್ವ ನಂಗೆ."

ಮಧ್ಯದ ಸ್ಟಾಪು

ಕಿರುಬೆರಳ ಬುಡದ ನರಹುಲಿಯೊಂದು ಗಟ್ಟಿಯಾಗಿ, ಒಡೆದು, ಹುಣ್ಣಾಯಿತು. ಮಾಯಲಿಲ್ಲ. ಮತ್ತೆ ಆ ದೊಡ್ಡ ಆಸ್ಪತ್ರೆಗೆ ಹೋದೆವು. ಚೂರು ತೆಗೆದು ಪರೀಕ್ಷೆ ಮಾಡಿದರು.

ಡಾಕ್ಟರು ಇಂಗ್ಲಿಷಿನಲ್ಲಿ ನನಗೆ ಬಹಳ ಹೊತ್ತು ಹೇಳಿದರು. ನಾನು ಅವನಿಗೆ, "ಎರಡು ಬೆರಳು ತೆಗೀಬೇಕಂತೆ. ಮಾತ್ರೆ ಕಮ್ಮಿ ಮಾಡ್ತಾರಂತೆ" ಎಂದೆ.

"ಅವರು ಹೊಸದುರ್ಗದಿಂದ ದುರ್ಗದ ತನ್ಕ ಹೇಳಿದ್ರು. ನೀವು ಹತ್ತಿ ಇಳಿದ್ಬಿಟ್ರಿ" ಎಂದ ಅವನು. "ಮಧ್ಯದ ಸ್ಟಾಪೆಲ್ಲ ಬಿಡಬ್ಯಾಡ್ರಿ ಭಾವ. ಎಲ್ಲಾ ಕಡೆ ನಿಲ್ಸಿ ಹೇಳ್ರಿ."

ಹೇಳಿದೆ. ಹುಣ್ಣು ಕ್ಯಾನ್ಸರ್ ಎಂದು ಹೇಳಿದೆ. ಎಲ್ಲರಲ್ಲೂ ಬಂದು ಸುಮ್ಮನೆ ಹೋಗುವ ಒಂದು ವೈರಸ್ಸು, ಕಾವಲಿಲ್ಲದ ಮೈಯಲ್ಲಿ ಬಹಳ ಕಾಲ ಉಳಿದರೆ ಹೀಗಾಗಬಹುದೆಂದು ಡಾಕ್ಟರುಗಳಿಗೆ ಈಗೀಗ ಅನುಮಾನ ಬಂದಿದೆ ಎಂದು ಹೇಳಿದೆ. ಮಾತ್ರೆ ಹೀಗೇ ನುಂಗಿದರೆ ಇಂಥವು ಇನ್ನೂ ಏಳುತ್ತವೆ. ಕಮ್ಮಿ ಮಾಡಿದರೆ ಮೈ ಎಚ್ಚರವಾಗುತ್ತದೆ. ಎಚ್ಚರವಾದರೆ ಕಿಡ್ನಿ ಉಳಿಯುತ್ತದೆಂಬ ಭರವಸೆಯಿಲ್ಲ. ಅದು ಹೋದರೆ ಇನ್ನೊಂದು ಕೊಡುವವರು ಯಾರೂ ಇರಲಿಲ್ಲ. ಅದನ್ನೂ ಹೇಳಿದೆ.

"ತೋಳಕ್ಕೆ ಬಸ್ಸಿನ ಟೈಮ್ ಗೊತ್ತಾತು" ಎಂದ ಅವನು.

ನನ್ನ ಹೆಂಡತಿ ಅಲ್ಲೇ ಕುಳಿತಿದ್ದಳು. "ನಂದು ಉಳೀಲಿ ಅಂತ ಕೊಟ್ಟ ಮಾತ್ರೆಯಿಂದಾನೇ ಇದು ಬಂತು. ನಾ ಕೊಡದಿದ್ರೆ ನಿಂಗೆ ಹಿಂಗಾಗ್ತಿರಲಿಲ್ಲ" ಎಂದಳು.

ಅವನು ಅವಳ ಕಡೆ ತಿರುಗಿ ಕುಳಿತ. "ಲೆಕ್ಕ ಸರಿಯಾಗಿ ಹಾಕಕ್ಕ. ನೀ ಕೊಡದಿದ್ರೆ ನರಹುಲಿ ಬಂದು ಹತ್ತಾಕೆ ನಾನೆಲ್ಲಿ ಇರ್ತಿದ್ದೆ? ಅವು ಸ್ಟ್ಯಾಂಡಿಗೆ ಬಂದು, ಬಸ್ ಇಲ್ಲ ಅಂತ ವಾಪಸ್ ಹೋಗ್ತಿದ್ವು."

ಪೊರಕೆ

ಎರಡು ಬೆರಳು ತೆಗೆದರು. ಮಾತ್ರೆ ಕಮ್ಮಿ ಮಾಡಿದರು. ತಿರುಗಿ ನೋಡಿದ್ದರಿಂದಲೇ ಇಷ್ಟೆಲ್ಲ ಆಯಿತೆಂದು ಅತ್ತೆ ಯಾರ ಹತ್ತಿರವೂ ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಅವರು ಒಂದು ಹೊತ್ತಿನ ಊಟ ಬಿಟ್ಟದ್ದು ಅದಕ್ಕೇ ಎಂದು ನಮಗೆಲ್ಲ ಗೊತ್ತಿತ್ತು.

ಕೆಲವು ತಿಂಗಳಾಗುವಷ್ಟರಲ್ಲಿ ಕೈಯ ಮೇಲೆ ಉಳಿದಿದ್ದ ನರಹುಲಿಗಳು ಒಣಗತೊಡಗಿದವು. ಆಮೇಲೆ ಉದುರಿದವು. ಮೈ ಎಚ್ಚರವಾಗಿತ್ತು. ಬಸ್ಸಿನಲ್ಲಿ ಸುಣ್ಣದವರು ಸುಣ್ಣದಿಂದ ಎಂದರು, ಕುದುರೆ ಕೂದಲಿನವರು ಕೂದಲಿನಿಂದ ಎಂದರು. ಮುದುಕರು, "ಬ್ಯಾಸರ ಆತು ನೋಡು, ನಾ ಹೇಳಿರ್ಲಿಲ್ವಾ" ಎಂದರು. ಹೂವಿನ ಹೆಂಗಸು ಕೈಗೇ ಟಿಕೆಟ್ ತಗೊಂಡಳಂತೆ.

ಅತ್ತೆಯ ಸಂತೋಷ ಹೇಳತೀರದು. ಅಮ್ಮ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡಳು, ಉಪ್ಪು ಕರಗಿತು ಎಂದು ಊರಿಗೆಲ್ಲ ಸಾರಿದರು, ಎರಡೂ ಹೊತ್ತು ಊಟ ಮಾಡಿದರು.

ಅದೇ ವಾರ ಅವನ ಪಾದ ಊದತೊಡಗಿತ್ತು. ಎಚ್ಚೆತ್ತ ಮೈ ನರಹುಲಿಯನ್ನು ಮಾತ್ರ ಗುರುತು ಹಿಡಿದು ಸುಮ್ಮನಾಗಿರಲಿಲ್ಲ. ಅಕ್ಕನದನ್ನೂ ಮೂಸಿ ನೋಡಿತ್ತು. ಮಾತ್ರೆ ಏರಿಸುವುದಕ್ಕೆ ಡಾಕ್ಟರು ಒಪ್ಪಲಿಲ್ಲ. ನನಗೆ ಗೊತ್ತಿತ್ತು, ನನ್ನ ಹೆಂಡತಿಗೆ ಗೊತ್ತಿತ್ತು, ಅವನಿಗೆ ನಮ್ಮಿಬ್ಬರಿಗಿಂತ ಮೊದಲೇ ಗೊತ್ತಿತ್ತು.

"ಅವ್ವಂಗೆ ಈಗ್ಲೇ ಹೇಳಬ್ಯಾಡ್ರಿ ಭಾವ" ಎಂದ. "ಇಷ್ಟ್ ದಿನಕ್ಕೆ ಅವಳು ಒಂದು ಗೆದ್ದವಳೆ."

ಹರಕೆ ತೀರಿಸಲು ಅತ್ತೆ ಪೊರಕೆಗಳ ಹೊರೆಯನ್ನೇ ಕಟ್ಟಿಸಿಕೊಂಡು ಬಂದರು. ಅವನದೇ ಬಸ್ಸಿನ ಟಾಪಿನ ಮೇಲೆ ಹಾಕಿ ಅದೇ ಗುಡಿಗೆ ಹೋದೆವು. ಅವನು ಚಪ್ಪಲಿಗೆ ಕಾಲು ಹಿಡಿಸದೆ ಬರಿಗಾಲಲ್ಲಿ ಬಂದಿದ್ದ. ಗುಡಿಗೆ ಬರಿಗಾಲಲ್ಲೇ ಬರುತ್ತಾನೆ, ಈಗ ಭಕ್ತಿ ಬಂದಿದೆ ಎಂದು ಅತ್ತೆ ನನಗೆ ಹೇಳಿದರು. ಪೂಜಾರಿ ಅಷ್ಟು ಪೊರಕೆ ನೋಡಿ, "ಏನಮ್ಮ, ದುರ್ಗದ ಕೋಟೆ ಗುಡಿಸ್ಬೇಕಾ?" ಎಂದರು.

ಪೊರಕೆ ಕೊಟ್ಟ ಮೇಲೆ ತಿರುಗಿ ನೋಡಬಾರದೆಂಬ ಕಟ್ಟಳೆಯೇನೂ ಇಲ್ಲ. ಅತ್ತೆಗೆ ಮಾತ್ರ ಧೈರ್ಯ ಸಾಲದು. "ಈ ಸಲ ನೋಡಬ್ಯಾಡ ಮಗನೆ. ನನ್ನಾಣೆ" ಎಂದರು.

ಅವನು ಹೊರಟ. ಊದಿದ ಕಾಲಿಗೆ ಮೆಟ್ಟಿಲು ಬಹಳ ಹೊತ್ತು ಹಿಡಿಯಿತು. ಕೈ ಕೊಡಲು ಹೋದ ನನ್ನ ಹೆಂಡತಿಯನ್ನು ಬೇಡವೆಂದ. ಅವಳು ಹಿಂದೆಯೇ ಉಳಿದಳು. ಬಾಗಿಲಿಗೆ ಬಂದು, ಮೂರು ಬೆರಳಿನ ಕೈಯಲ್ಲಿ ಚೌಕಟ್ಟು ಹಿಡಿದು ನಿಂತ. ಕತ್ತು ಒಂದಿಷ್ಟು ಹೊರಳಿತು. ಅತ್ತೆ ಉಸಿರು ಹಿಡಿದರು. ಕತ್ತು ಮತ್ತೆ ನೆಟ್ಟಗಾಯಿತು.

ಮುಂದಿನ ಬಯಲನ್ನೇ ನೋಡುತ್ತ ಅವನು ಕೇಳಿದ: "ಭಾವ, ಅವ್ವ ಹತ್ತಿದ್ಲಾ?"

"ಹತ್ತಿದರು" ಎಂದೆ.

"ಅಕ್ಕ?"

"ಹತ್ತಿದಳು."

"ನೀವು?"

"ನಾನೂ ಹತ್ತಿದೆ."

"ಹಂಗಾದ್ರೆ ನಾ ಇಳೀತೀನಿ. ರೈಟ್" ಎಂದು ಹೊಸಲು ದಾಟಿದ.

"ಗುಡೀಲಿ ನಿಂದೇನೋ ಬಸ್ಸಿನ ಮಾತು" ಎಂದು ಬೈಯುತ್ತ ಬೈಯುತ್ತಲೇ ಅತ್ತೆ ನಕ್ಕರು. ಅವರು ನಗುವುದನ್ನು ನೋಡಿ ನಾವೂ ನಗಬೇಕಾಯಿತು.