ಕಸ್ತೂರಿಬಾಯಿಯ ಫೋನು, ಮಹಾರುದ್ರಪ್ಪನ ಜೇಬು

ಮಹಾರುದ್ರಪ್ಪನ ಮುತ್ತಜ್ಜ ವೀರಭದ್ರಪ್ಪ ನಿಜಾಮರ ಕಾಲದಲ್ಲಿ ಕುದುರೆ ಏರಿ ಹುಮನಾಬಾದಿಗೆ ಹೋಗಿ, ತಹಸೀಲ್ದಾರನೆದುರು ಎದೆ ಸೆಟೆಸಿ ನಿಂತು, ಉರ್ದುವಿನಲ್ಲೇ ವಾದ ಮಾಡಿ ಊರಿನ ಕಂದಾಯ ಇಳಿಸಿಕೊಂಡು ಬಂದವನು. ಅಜ್ಜ ಗುರುನಾಥಪ್ಪ, ನಿಜಾಮಶಾಹಿ ಮುಗಿದ ಗಲಾಟೆಯ ದಿನಗಳಲ್ಲಿ ಕೆಳಗಿನ ಗಲ್ಲಿಯ ಮುಸಲ್ಮಾನರ ಹೆಂಗಸರು ಮಕ್ಕಳನ್ನು ತನ್ನ ಕಣಜದ ಕೋಣೆಯಲ್ಲಿ ಬಚ್ಚಿಟ್ಟು, ಹೊಸ್ತಿಲಿಗೆ ಅಡ್ಡಲಾಗಿ ಕಂಬಳಿ ಹಾಸಿ ತಾನೇ ಮಲಗಿದವನು. ಅಪ್ಪನದು ಇಂಥ ಸಾಹಸವೇನಿಲ್ಲ. ಆದರೆ ಅವನು ಹೊಲದಲ್ಲಿ ನಿಂತು ಎತ್ತನ್ನು ಬೈದರೆ ಊರೊಳಗಿನ ಎತ್ತುಗಳೂ ನಿಲ್ಲುತ್ತಿದ್ದವು. ಪಾಲು ಹಂಚಿದಾಗ ಕುದುರೆ ಒಬ್ಬನಿಗೆ, ಕಣಜ ಒಬ್ಬನಿಗೆ ಹೋಗಿ, ಮಹಾರುದ್ರಪ್ಪನಿಗೆ ಉಳಿದದ್ದು ಆ ದನಿಯೊಂದೇ.

ಮೊಬೈಲು ಬಡವರ ಮನೆಗೂ ಆಗತಾನೇ ಬಂದಿದ್ದ ಕಾಲ. ಅವನ ಹೆಂಡತಿ ಕಸ್ತೂರಿಬಾಯಿ ಹೆಂಗಸರ ಸೀಟಿನಲ್ಲಿ ಪಂಚಾಯಿತಿಗೆ ಆರಿಸಿ ಬಂದಿದ್ದಳು. ಹುಮನಾಬಾದಿನ ಒಂದು ಮಹಿಳಾ ಸಂಘದವರು ಇಂಥ ಮೆಂಬರುಗಳಿಗೆಲ್ಲ ಒಂದೊಂದು ಫೋನು ಹಂಚಿದರು. ಮನೆ ಬಿಟ್ಟು ಹೊರಗೆ ಬರಲಾಗದ ಹೆಣ್ಣುಮಕ್ಕಳೂ ತಮ್ಮ ಮೆಂಬರಿಗೆ ಕಷ್ಟ ಹೇಳಿಕೊಳ್ಳಲಿ ಎಂಬ ಉದ್ದೇಶ. ಕರೆಗೆ ಹಾಕಲು ಆ ಹೆಣ್ಣುಮಕ್ಕಳ ಹತ್ತಿರ ದುಡ್ಡೆಲ್ಲಿ? ಅವರೇ ಒಂದು ಉಪಾಯ ಕಟ್ಟಿದರು. ಸಭೆಯ ಮೊದಲು ಫೋನು ಒಂದು ಸಲ ಬಡಿದು ನಿಂತರೆ ‘ನಾನು ಬರುತ್ತೇನೆ’. ಎರಡು ಸಲ ಬಡಿದರೆ ‘ಮನೆಯಲ್ಲಿ ಬಿಡುತ್ತಿಲ್ಲ, ನೀನೇ ಬಂದು ಹೇಳಿ ಕರೆದುಕೊಂಡು ಹೋಗು’. ಗಂಡಸರಿಗೆ ಇದು ಗೊತ್ತಾಗಬಾರದೆಂದು ಆಣೆಯಾಯಿತು.

ಈ ಉಪಾಯದಿಂದಲೇ ಹಿಂದಿನ ಸಭೆಯಲ್ಲಿ ಹೆಂಗಸರ ಜಮಖಾನ ತುಂಬಿತ್ತು. ಕೆಳಗಿನ ಗಲ್ಲಿಯ ಅನ್ವರಿ ಎದ್ದು ನಿಂತು, “ನಾವು ಹೈವೇ ದಾಟಿ ನೀರು ತರಾಕತ್ತೇವಿ. ನಮ್ಮ ಗಲ್ಲಿಗೊಂದು ನಲ್ಲಿ ಬೇಕ್ರಿ” ಅಂದಿದ್ದಳು. ಮುಂದಿನ ಸಭೆಗೆ ಇಷ್ಟೇ ಮಂದಿ ಬಂದು ಕೈ ಎತ್ತಿದರೆ ನಲ್ಲಿ ಆದಂತೆಯೇ ಎಂದು ಅಧ್ಯಕ್ಷರ ಬಾಯಿಂದಲೇ ಬಂದಿತ್ತು.

ಅಷ್ಟರಲ್ಲಿ ಮಗಳು ವಿದ್ಯಾವತಿ ಬಸವಕಲ್ಯಾಣದಲ್ಲಿ ಹಡೆದಳು. ಕಸ್ತೂರಿಬಾಯಿ ಗಂಟು ಕಟ್ಟಿದಳು. ಮಹಾರುದ್ರಪ್ಪ ಫೋನು ಎತ್ತಿ ಜೇಬಿಗಿಳಿಸಿದ.

“ಬಾಣಂತಿ ಕೋಣ್ಯಾಗ ಇದು ಬ್ಯಾಡ. ಕೂಸು ಬೆದರತದ.”

“ಅದು ನನಗ ಕೊಟ್ಟಾರ್ರಿ. ಮೆಂಬರ್ ನಾನೋ ನೀವೋ?”

“ನೀನ. ನಾ ಮೆಂಬರನ ಜೇಬು. ನಮ್ಮ ಮನಿತನದಾಗ ಕೂಗಿದವರಿಗೆ ಓ ಅನ್ನದ ಬಿಟ್ಟಿಲ್ಲ. ಒಂದು ಕಾಲೂ ಖಾಲಿ ಹೋಗಂಗಿಲ್ಲ, ನೋಡು.”

“ಓ ಅನ್ನೂದೇ ಬ್ಯಾಡ್ರಿ. ಎತ್ತಬ್ಯಾಡ್ರಿ. ಸಭಾದ ದಿನ ಮುಂಜಾನೆ ಬರ್ತೀನಿ, ನಾನೇ ನೋಡ್ಕೋತೀನಿ.”

“ಎತ್ತಬಾರದಂದ್ರ ಫೋನ್ ಯಾಕ, ಗಂಟಿ ಕಟ್ಕೋಬೇಕಿತ್ತು” ಎಂದು ಮಹಾರುದ್ರಪ್ಪ ನಕ್ಕ. ಬಸ್ಸು ಹೊರಟಿತು.

ಮರುದಿನದಿಂದಲೇ ಶುರುವಾಯಿತು. ಫೋನು ಬಡಿಯಿತು, ನಿಂತಿತು. ಮತ್ತೆ ಬಡಿಯಿತು, ನಿಂತಿತು. ಊಟಕ್ಕೆ ಕೂತರೆ ಟಣ್, ಚುಟ್ಟಾ ಹಚ್ಚಿದರೆ ಟಣ್. ಅವನು ಎತ್ತುವಷ್ಟರಲ್ಲಿ ಸದ್ದೇ ಇಲ್ಲ. ತಹಸೀಲ್ದಾರನನ್ನು ನಡುಗಿಸಿದ ವಂಶಕ್ಕೆ ಇಂಥ ಅಪಮಾನ! “ಹೆಸರಿಗೆ ಕಾಲ್ ಅಂತಾರ, ಇದಕ್ಕ ಬಾಯೇ ಇಲ್ಲ” ಎಂದು ಗೊಣಗುತ್ತ ಬಂದ ನಂಬರಿಗೆಲ್ಲ ತಿರುಗಿ ಹಚ್ಚಿದ. ಅವನ “ಯಾರದು?” ಎಂಬ ಗರ್ಜನೆ ಕೇಳಿದ ಹೆಂಗಸರು ಕೆಂಡ ಮುಟ್ಟಿದವರಂತೆ ಕಟ್ ಮಾಡಿದರು. ಕೆಳಗಿನ ಗಲ್ಲಿಯ ಕೊನೆಗಿರುವ ದ್ರೌಪತಿಯ ಮನೆಯಲ್ಲಿ ಅವಳ ಅತ್ತೆಯೇ ಎತ್ತಿ, “ನಿನ್ನ ಹೆಣಾ ಎತ್ತಲಿ, ಯಾವನೋ ನೀ?” ಎಂದಳು. ಮಹಾರುದ್ರಪ್ಪನಿಗೆ ಇನ್ನಷ್ಟು ರೋಷ ಬಂತು.

ಆಗಲೇ ಒಂದು ನಂಬರು ಎರಡು ಸಲ ಬಡಿದು ನಿಂತಿತು. ಅದಕ್ಕೆ ಹಚ್ಚಿದ. ಅತ್ತಲಿಂದ ಎತ್ತಿದ ಸದ್ದು. ಇವನು ಬಾಯಿ ತೆರೆದ: “ದಿನಾ ಮಿಸ್ ಕಾಲ್ ಕೊಡ್ತೀ, ನಾ ಹಚ್ಚಿದ್ರ ಮಾತಾಡಂಗಿಲ್ಲ. ಏನು ಆಟ ಹಚ್ಚೀದಿ? ಏನು ಬೇಕೋ ಬಾಯಿ ಬಿಟ್ಟು ಹೇಳು, ನಾ ಒಬ್ಬನೇ ಇದೀನಿ ಮನ್ಯಾಗ.”

ಅತ್ತಲಿಂದ ಒಂದು ಗಂಡು ದನಿ ಮೆಲ್ಲಗೆ ಬಂತು. “ಯಾರ್ರಿ ಮಾತಾಡಾಕತ್ತೀರಿ?”

“ನೀ ಯಾರು, ಅದನ್ನ ಹೇಳು ಮೊದಲ.”

“ಅಬ್ದುಲ್ ರಜಾಕ್. ಅನ್ವರಿ ಗಂಡ. ಈಗ ನಿಮ್ಮ ಹೆಸರು ಹೇಳ್ರಿ.”

ಲಾರಿ ಓಡಿಸುವ ರಜಾಕ್ ಆಗತಾನೇ ಊರಿಗೆ ಬಂದಿದ್ದ. ತಾನು ಆಡಿದ ಒಂದೊಂದು ಮಾತೂ ಅವನ ಕಿವಿಯಲ್ಲಿ ಹೇಗೆ ಕೇಳಿಸಿರಬೇಕೆಂದು ಮಹಾರುದ್ರಪ್ಪನಿಗೆ ಹೊಳೆಯಿತು. ಹೆಸರೊಂದು ಹೇಳಿದ್ದರೆ ಮುಗಿಯುತ್ತಿತ್ತು, ಇಬ್ಬರೂ ನಕ್ಕುಬಿಡುತ್ತಿದ್ದರು. ಆದರೆ ಊರ ಎತ್ತುಗಳನ್ನೆಲ್ಲ ನಿಲ್ಲಿಸುವ ಆ ದನಿಗೆ ಅದೊಂದು ಹೆಸರು ಹೇಳಲಾಗಲಿಲ್ಲ. ಅವನು ಕಟ್ ಮಾಡಿದ. ಫೋನು ಮತ್ತೆ ಬಡಿಯತೊಡಗಿತು. ಬಂದ್ ಮಾಡಿ ಹಾಸಿಗೆಯ ಕೆಳಗೆ ತುರುಕಿದ.

ಸಭೆಯ ದಿನ ಕಸ್ತೂರಿಬಾಯಿ ಬಸ್ಸಿಳಿದವಳೇ ನೇರ ಪಂಚಾಯಿತಿಗೆ ಹೋದಳು. ಜಮಖಾನ ಹಾಸಿದ ಹಾಗೇ ಇತ್ತು. ಅದರ ಮೇಲೆ ಅವಳೊಬ್ಬಳೇ ಕೂತಳು.

“ಬೇಕಾದವರೇ ಬಂದಿಲ್ಲಲ್ಲ ಬಾಯಿ” ಎಂದರು ಅಧ್ಯಕ್ಷರು. ನಲ್ಲಿ ಗಿರಣಿಯ ಓಣಿಗೆ ಹೋಯಿತು.

ಬರುವಾಗ ಅವಳು ಕೆಳಗಿನ ಗಲ್ಲಿಯಲ್ಲಿ ಹಾಯ್ದಳು. ಬಾಗಿಲುಗಳು ಹಾಕಿದ್ದವು. ಗಲ್ಲಿಯ ಕೊನೆಯಲ್ಲಿ ದ್ರೌಪತಿ ಕಿಟಕಿಯಿಂದಲೇ ಮಾತಾಡಿದಳು.

“ರಜಾಕ ಅನ್ವರಿನ್ನ ತವರಿಗೆ ಕಳಿಸ್ಯಾನಕ್ಕ, ಹುಡಗಿ ಊರಿಗೆ. ಬೈಲಿಲ್ಲ, ಹೊಡೀಲಿಲ್ಲ, ಬಸ್ಸಿಗೆ ಕುಂಡ್ರಿಸಿ ಬಂದ. ಅದು ಮೆಂಬರ್ ಅಕ್ಕನ ಫೋನ್ ಅಂತ ಆಕಿ ಹೇಳ್ಯಾಳ. ಅವ ತಿರುಗಿ ಹಚ್ಯಾನ, ಬಂದ್. ಸಾಚಾ ಮಂದಿ ಯಾಕ ಬಂದ್ ಮಾಡ್ತಾರ ಅಂದ. ಯಾಕ ಮಿಸ್ ಕಾಲ್ ಕೊಡ್ತಿದ್ದಿ ಅಂತ ಎಷ್ಟು ಕೇಳಿದ್ರೂ ಬಾಯಿ ಬಿಡಲಿಲ್ಲ. ಬಿಟ್ಟಿದ್ರ ನಮ್ಮೆಲ್ಲರ ಫೋನೂ ಹೋಗ್ತಿದ್ವು. ಈಗ ಗಲ್ಲಿ ಗಂಡಸರು ಯಾರನ್ನೂ ಹೊರಗ ಬಿಡಾಕತ್ತಿಲ್ಲ.”

ಕಸ್ತೂರಿಬಾಯಿ ಮನೆಗೆ ಬಂದು ಚಪ್ಪಲಿ ಬಿಡದೆ ನಿಂತಳು. ಅವಳು ಕೇಳುವ ಮೊದಲೇ ಮಹಾರುದ್ರಪ್ಪ ಹಾಸಿಗೆಯ ಕೆಳಗಿನಿಂದ ಫೋನು ತೆಗೆದು ಅವಳ ಮುಂದಿಟ್ಟ. ಎಲ್ಲ ಹೇಳಿದ. ಹೇಳುವಾಗ ಅವನ ಮಾತು ಅವನಿಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಅವಳು ಬೈಯುತ್ತಾಳೆಂದು ಕಾದ. ಅವಳು ಫೋನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಎಲ್ಲಿಗ ಹೊಂಟಿ?”

“ರಜಾಕನ ಮನಿಗೆ. ಅಲ್ಲಿಂದ ಹುಡಗಿ ಊರಿಗೆ.”

“ತಡಿ, ನಾನೂ ಬರ್ತೀನಿ” ಎಂದು ಅವನು ರುಮಾಲು ಸುತ್ತತೊಡಗಿದ. “ಹಿರ್ಯಾ ಇದೀನಿ, ಕೈ ಮುಗದು ಹೇಳ್ತೀನಿ. ಗಲ್ಲಿ ಮಂದಿಗೂ ಒಂದೊಂದು ಮನಿಗೆ ಹೋಗಿ ನಾನೇ ಹೇಳ್ತೀನಿ.”

ಕಸ್ತೂರಿಬಾಯಿ ಬಾಗಿಲಲ್ಲಿ ತಿರುಗಿದಳು.

“ಬ್ಯಾಡ್ರಿ. ಆಕಿ ಫೋನ್ ಹಚ್ಚಿದ್ದು ನನಗ, ಎತ್ತಿದಾವ ನನ್ನ ಗಂಡ, ಅಂಜಿ ಬಂದ್ ಮಾಡಿದಾವನೂ ಅವನೇ ಅಂತ ನಾನೇ ಹೇಳ್ತೀನಿ. ನಂಬಲಿಲ್ಲಂದ್ರ ನಂಬೋತನಕ ಅವರ ಕಟ್ಟಿ ಮ್ಯಾಲ ಕುಂಡರ್ತೀನಿ. ನೀವು ಮನ್ಯಾಗ ಇರ್ರಿ. ನನ್ನ ಕೇಳ್ಕೋತ ಯಾರರ ಹೆಣ್ಮಕ್ಕಳು ಬಾಗಲಕ್ಕ ಬಂದ್ರ, ಮಾತಾಡೂದಿರಲಿ, ಕೆಮ್ಮಬ್ಯಾಡ್ರಿ.”